ಮೊದಲ ಮೂರು ನಿಮಿಷ

ನ್ಯೂಜೆರ್ಸಿಯ ಕರಾವಳಿಯಲ್ಲಿ ಹೈಲ್ಯಾಂಡ್ಸ್ ಎಂಬ ಸಣ್ಣ ಊರಿದೆ. ಎದುರಿಗೆ ಸ್ಯಾಂಡಿ ಹುಕ್‌ನ ಉದ್ದನೆಯ ಮರಳು ದಿಬ್ಬ, ಅದರಾಚೆ ನ್ಯೂಯಾರ್ಕ್ ಬಂದರಿನ ನೀರು. ನೂರು ವರ್ಷಗಳ ಹಿಂದೆ ಮ್ಯಾನ್‌ಹಟನ್ನಿನಲ್ಲಿ ಮಾಂಸದಂಗಡಿ ಇಟ್ಟುಕೊಂಡಿದ್ದ ಜರ್ಮನ್ ವಲಸಿಗ ಕುಟುಂಬವೊಂದು ಬೇಸಿಗೆ ಕಳೆಯಲು ಇಲ್ಲಿಗೆ ಬರುತ್ತಿತ್ತು. 1905ರಲ್ಲಿ ಹುಟ್ಟಿದ ಆ ಮನೆಯ ಮಗಳು ಗರ್ಟ್ರೂಡ್ ಎಡರ್ಲಿ ಈಜು ಕಲಿತದ್ದು ಇಲ್ಲೇ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು. ಹಗ್ಗದ ಇನ್ನೊಂದು ತುದಿ ದಡದಲ್ಲಿದ್ದ ಮನೆಯವರ ಕೈಯಲ್ಲಿ. ಹಾಸನ, ತುಮಕೂರು ಕಡೆಯ ತೋಟದ ಬಾವಿಗಳಲ್ಲಿ ಈಜು ಕಲಿತವರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಿಲ್ಲ.

1925ರ ಜೂನ್‌ನಲ್ಲಿ ಎಡರ್ಲಿ ಮ್ಯಾನ್‌ಹಟನ್ನಿನ ದಕ್ಷಿಣದ ತುದಿ ಬ್ಯಾಟರಿಯಿಂದ ಸ್ಯಾಂಡಿ ಹುಕ್‌ವರೆಗೆ, ಸುಮಾರು 35 ಕಿಲೋಮೀಟರ್, 7 ಗಂಟೆ 11 ನಿಮಿಷದಲ್ಲಿ ಈಜಿದಳು. ಆ ದಾಖಲೆ ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಮರುವರ್ಷ, 1926ರ ಆಗಸ್ಟ್ 6ರಂದು, ಇಂಗ್ಲಿಷ್ ಕಾಲುವೆ ದಾಟಿದ ಮೊದಲ ಹೆಂಗಸಾದಳು. ಅದಕ್ಕೂ ಮೊದಲು ಐವರು ಗಂಡಸರಷ್ಟೇ ದಾಟಿದ್ದರು. ಅವರಲ್ಲಿ ಅತಿ ವೇಗದವನಿಗಿಂತಲೂ ಈಕೆ ಸುಮಾರು ಎರಡು ಗಂಟೆ ಬೇಗ ಮುಟ್ಟಿದಳು. ಕಣ್ಣಿಗೆ ಹಾಕಿಕೊಂಡಿದ್ದದ್ದು ಮೋಟರ್‌ಸೈಕಲ್ ಸವಾರರ ಕನ್ನಡಕ, ನೀರು ನುಗ್ಗದಂತೆ ಅಂಚಿಗೆಲ್ಲ ಮೇಣ ಮೆತ್ತಿದ್ದು.

ಆ ಎರಡು ಗಂಟೆ ತೋಳಿನ ಬಲದಿಂದ ಬಂದದ್ದಲ್ಲ. ನ್ಯೂಯಾರ್ಕಿನ ವಿಮೆನ್ಸ್ ಸ್ವಿಮ್ಮಿಂಗ್ ಅಸೋಸಿಯೇಷನ್‌ನಲ್ಲಿ ಲೂಯಿಸ್ ಹ್ಯಾಂಡ್ಲಿ ಎಂಬ ತರಬೇತುದಾರ ಹುಡುಗಿಯರಿಗೆ ಕ್ರಾಲ್ ಈಜನ್ನು ತಿದ್ದಿ ತೀಡಿ ಕಲಿಸುತ್ತಿದ್ದ. ಇಂದು ನಾವು ಫ್ರೀಸ್ಟೈಲ್ ಎನ್ನುವುದು ಅದನ್ನೇ. ದೂರದ ಈಜಿಗೆ ಎದೆಯೀಜೇ ಸರಿ, ಕ್ರಾಲ್ ಬೇಗ ದಣಿಸುತ್ತದೆ ಎಂಬುದು ಆ ಕಾಲದ ತಿಳಿವಳಿಕೆ. ಎಡರ್ಲಿ ಹದಿನಾಲ್ಕು ಗಂಟೆ ಮೀರಿ ಕ್ರಾಲ್‌ನಲ್ಲೇ ಈಜಿ ಆ ಮಾತು ಮುಗಿಸಿದಳು.

ಇಂದು ಅದೇ ನೀರಿನ ಆಸುಪಾಸಿನಲ್ಲಿ ಸಾವಿರಾರು ಜನ ಹವ್ಯಾಸಿಗಳು ಟ್ರಯಥ್ಲಾನ್‌ಗೆ ತಯಾರಾಗುತ್ತಾರೆ. ಒಲಿಂಪಿಕ್ ದೂರ ಎಂದರೆ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಪ್ರಿನ್ಸ್‌ಟನ್ ಬಳಿಯ ಮರ್ಸರ್ ಕೌಂಟಿ ಪಾರ್ಕಿನ ಕೆರೆಯಲ್ಲಿ ನಡೆಯುವ ನ್ಯೂಜೆರ್ಸಿ ಸ್ಟೇಟ್ ಟ್ರಯಥ್ಲಾನ್‌ನ ಸುತ್ತಮುತ್ತಲೇ ಕನ್ನಡ ಮನೆಗಳು ಬೇಕಾದಷ್ಟಿವೆ. ಈ ಮನೆಗಳಲ್ಲಿ ಎರಡು ಬಗೆಯ ಈಜುಗಾರರು ಸಿಗುತ್ತಾರೆ. ಊರಿನ ಬಾವಿಯಲ್ಲೋ ಕೆರೆಯಲ್ಲೋ ಕಲಿತ ಅಪ್ಪನಿಗೆ ಆಳವೆಂದರೆ ಭಯವಿಲ್ಲ, ಆದರೆ ತಲೆ ಎತ್ತಿಕೊಂಡು ನೀರು ಬಡಿಯುತ್ತಾನೆ, ಇನ್ನೂರು ಮೀಟರಿಗೆ ಸುಸ್ತು. ವೈಎಂಸಿಎ ಪೂಲ್‌ನಲ್ಲಿ ಕಲಿತ ಮಗಳ ಈಜು ನೋಡಲು ಚೆಂದ. ತಳ ಕಾಣದ ಕೆರೆಗಿಳಿದರೆ ಅವಳ ಎದೆ ಡವಗುಟ್ಟುತ್ತದೆ. ಟ್ರಯಥ್ಲಾನ್ ಇಬ್ಬರನ್ನೂ ಕೂರಿಸಿ ಒಬ್ಬರಿಂದ ಇನ್ನೊಬ್ಬರಿಗೆ ಪಾಠ ಹೇಳಿಸಬೇಕಾದ ಆಟ.

ಮೊದಲು ಅಪ್ಪನ ತೊಂದರೆ ನೋಡೋಣ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರೊಳಗೆ ಚಲಿಸುವ ಮೈಗೆ ಎದುರಾಗುವ ತಡೆ ವೇಗದ ವರ್ಗದಷ್ಟು ಏರುತ್ತದೆ, ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಷ್ಟು. ಲೆಕ್ಕ ಹಾಕಿದರೆ, ಹತ್ತು ಪರ್ಸೆಂಟ್ ವೇಗ ಹೆಚ್ಚಿಸಿಕೊಳ್ಳಲು ಮೂವತ್ತಮೂರು ಪರ್ಸೆಂಟ್ ಹೆಚ್ಚು ಶಕ್ತಿ ಸುರಿಯಬೇಕು. ಜಿಮ್‌ನಲ್ಲಿ ಭುಜ ಬೆಳೆಸಿ ಇದನ್ನು ಗೆಲ್ಲುತ್ತೇನೆಂದು ಹೊರಟವರು ಸೋಲುವುದು ಇಲ್ಲೇ. ತಡೆಯನ್ನು ಕಡಿಮೆ ಮಾಡಿಕೊಳ್ಳುವ ದಾರಿ ಅಗ್ಗ, ಅದಕ್ಕೆ ಶಕ್ತಿಯ ಖರ್ಚಿಲ್ಲ.

ತಡೆ ಎಲ್ಲಿಂದ ಬರುತ್ತದೆ? ಮನುಷ್ಯನ ಮೈಯಲ್ಲಿ ತೇಲುವ ಭಾಗವೆಂದರೆ ಗಾಳಿ ತುಂಬಿದ ಎದೆ. ಸೊಂಟದ ಕೆಳಗಿರುವುದು ಮೂಳೆ ಮತ್ತು ಸ್ನಾಯು. ಹಾಗಾಗಿ ನೀರು ನಮ್ಮನ್ನು ಎತ್ತಿ ಹಿಡಿಯುವ ಬಿಂದು ಎದೆಯ ಕಡೆಗೂ, ಭೂಮಿ ನಮ್ಮನ್ನು ಎಳೆಯುವ ಬಿಂದು ಸೊಂಟದ ಕಡೆಗೂ ಇರುತ್ತವೆ. ಇವೆರಡರ ಜಗ್ಗಾಟದಲ್ಲಿ ಕಾಲು ಮುಳುಗುತ್ತದೆ. ತಲೆಯ ತೂಕ ನಾಲ್ಕೈದು ಕಿಲೋ. ನೀರೊಳಗಿದ್ದಷ್ಟು ಹೊತ್ತು ಅದನ್ನು ನೀರೇ ಹೊರುತ್ತದೆ, ಮೇಲೆತ್ತಿದ ಕೂಡಲೇ ಆ ಭಾರ ಮೈಮೇಲೆ ಬೀಳುತ್ತದೆ, ಕಾಲು ಇನ್ನಷ್ಟು ಕೆಳಗಿಳಿಯುತ್ತದೆ. ಆಮೇಲೆ ನಾವು ಈಜುವುದು ಓರೆಯಾಗಿ, ಇಡೀ ಮೈಯನ್ನು ನೀರಿಗೆ ಅಡ್ಡ ಹಿಡಿದು.

ಊರಲ್ಲಿ ಈಜು ಕಲಿಸುವಾಗ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ, ಸೊಂಟಕ್ಕೆ ಕಟ್ಟುತ್ತಿದ್ದರು. ಅದರ ಉದ್ದೇಶ ಒಂದೇ, ಮಗುವಿನ ಮೂಗು ನೀರಿನ ಮೇಲಿರಬೇಕು. ಉದ್ದೇಶ ಈಡೇರುತ್ತಿತ್ತು. ಜೊತೆಗೆ ತಲೆ ಮೇಲೆ, ಕಾಲು ಕೆಳಗೆ ಎಂಬ ಭಂಗಿಯೂ ಮೈಗೆ ಹತ್ತಿಬಿಡುತ್ತಿತ್ತು. ಇಂದಿನ ಪೂಲ್‌ಗಳಲ್ಲಿ ಸಿಗುವ ಪುಲ್ ಬೂಯ್ ಎಂಬ ಫೋಮ್ ತುಂಡನ್ನು ಇಟ್ಟುಕೊಳ್ಳುವುದು ತೊಡೆಗಳ ನಡುವೆ. ಬುರುಡೆ ಜೀವ ಉಳಿಸಲು, ಪುಲ್ ಬೂಯ್ ಮೈಯನ್ನು ಮಟ್ಟಸ ಮಾಡಲು. ತೇಲಿಸುವ ವಸ್ತುವನ್ನು ಎರಡಡಿ ಕೆಳಗೆ ಸರಿಸಿದರೆ ಈಜೇ ಬೇರೆಯಾಗುತ್ತದೆ. ವೆಟ್‌ಸೂಟ್ ಮಾಡುವುದೂ ಇದನ್ನೇ: ಅದರ ನಿಯೋಪ್ರೀನ್ ರಬ್ಬರಿನೊಳಗಿನ ಗಾಳಿಗುಳ್ಳೆಗಳು ಕಾಲನ್ನು ಮೇಲೆತ್ತುತ್ತವೆ. ಅದಕ್ಕೇ ಒಳ್ಳೆಯ ಈಜುಗಾರರಿಗಿಂತ ಕಾಲು ಮುಳುಗುವ ಈಜುಗಾರರಿಗೆ ವೆಟ್‌ಸೂಟಿನಿಂದ ಹೆಚ್ಚು ಲಾಭ. ಅಮೆರಿಕದ ಟ್ರಯಥ್ಲಾನ್ ಸಂಸ್ಥೆಯ ನಿಯಮದಂತೆ ನೀರು 78 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 25.6 ಸೆಲ್ಸಿಯಸ್ ಮೀರಿದರೆ, ವೆಟ್‌ಸೂಟ್ ತೊಟ್ಟ ಹವ್ಯಾಸಿಗಳಿಗೆ ಬಹುಮಾನವಿಲ್ಲ. ಜುಲೈನ ಕೆರೆಗಳು ಈ ಗೆರೆಯನ್ನು ಸಲೀಸಾಗಿ ದಾಟುತ್ತವೆ. ವೆಟ್‌ಸೂಟನ್ನೇ ನಂಬಿಕೊಂಡವರು ಆ ಬೆಳಿಗ್ಗೆ ಪೆಚ್ಚುಮೋರೆ ಹಾಕಿಕೊಂಡು ನಿಂತಿರುತ್ತಾರೆ.

ಮೈಯ ಮಟ್ಟವೇ ಮೊದಲು, ತೋಳು ಆಮೇಲೆ ಎಂದು ಹವ್ಯಾಸಿಗಳಿಗೆ ಪಟ್ಟು ಹಿಡಿದು ಹೇಳಿದವನು ಟೆರಿ ಲಾಫ್ಲಿನ್. ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಹಡ್ಸನ್ ಕಣಿವೆಯಲ್ಲಿರುವ ನ್ಯೂ ಪಾಲ್ಟ್ಸ್ ಊರಿನವನು. 1989ರಲ್ಲಿ ಟೋಟಲ್ ಇಮ್ಮರ್ಶನ್ ಎಂಬ ತರಬೇತಿ ಶುರುಮಾಡಿ, 2017ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ನಡೆಸಿದ. ತಲೆಯನ್ನು ಬೆನ್ನುಮೂಳೆಯ ನೇರಕ್ಕೆ ಬಿಡು, ಎದೆಯನ್ನು ತುಸು ನೀರಿಗೆ ಒತ್ತು, ಸೊಂಟ ತಾನೇ ಮೇಲೆ ಬರುತ್ತದೆ. ಬೋರಲಾಗಿಯೇ ಬಿದ್ದಿರದೆ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳುತ್ತಾ ಸಾಗು. ಪೂಲ್‌ನ ಒಂದು ತುದಿಯಿಂದ ಇನ್ನೊಂದಕ್ಕೆ ಎಷ್ಟು ಸಲ ಕೈ ಹಾಕಿದೆ ಎಂದು ಎಣಿಸು. ಇದಿಷ್ಟು ಅವನ ಪಾಠದ ತಿರುಳು. ದೊಡ್ಡವರಾದ ಮೇಲೆ ಈಜು ಕಲಿತವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಆದರೆ ಅವನ ಶಿಷ್ಯರಲ್ಲಿ ಕೆಲವರು ಜಾರುವುದನ್ನೇ ಧ್ಯಾನವಾಗಿಸಿಕೊಂಡು, ಕೈ ಮುಂದೆ ಚಾಚಿ ಕಾಯುತ್ತಾ ಕೂರುತ್ತಾರೆ. ಪೂಲ್‌ನಲ್ಲಿ ಅದು ಸೊಗಸು. ನ್ಯೂಯಾರ್ಕಿನ ಬ್ರೈಟನ್ ಬೀಚ್‌ನ ಅಲೆಗಳಲ್ಲಿ ಪ್ರತಿ ವಿರಾಮದಲ್ಲೂ ಒಂದು ಅಲೆ ಬಂದು ಮುಖಕ್ಕೆ ಹೊಡೆದು ವೇಗವನ್ನು ಕಿತ್ತುಕೊಳ್ಳುತ್ತದೆ. ಕಡಲಲ್ಲಿ ಈಜುವವರು ಸಾಮಾನ್ಯವಾಗಿ ಕೈಯನ್ನು ಬೇಗ ಬೇಗ ಹಾಕುವುದು ಅದಕ್ಕೇ.

ತೋಳಿನ ವಿಷಯ ಚುಟುಕಾಗಿ: ಕೈ ನೀರಿಗಿಳಿದ ಮೇಲೆ ಮೊಣಕೈಯನ್ನು ಮೇಲೆಯೇ ಉಳಿಸಿ, ಬೆರಳು ತಳ ತೋರಿಸುವಂತೆ ಮುಂಗೈ ಬಗ್ಗಿಸಬೇಕು. ಆಗ ಅಂಗೈ ಜೊತೆಗೆ ಮೊಣಕೈವರೆಗಿನ ಇಡೀ ಭಾಗವೂ ನೀರನ್ನು ಹಿಂದಕ್ಕೆ ಒತ್ತುತ್ತದೆ. ಚಾಚಿದ ಕೈಯಿಂದ ಕೆಳಕ್ಕೆ ಒತ್ತಿದರೆ ಮೈ ಮೇಲೇಳುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಓಟಗಾರರ ಬಿಗಿಯಾದ ಕಾಲ್ಗಂಟು ಒದೆತಕ್ಕೆ ಹೊಂದುವುದಿಲ್ಲ. ಸೈಕಲ್‌ಗೆ ಬೇಕಾದ ಕಾಲನ್ನು ನೀರಿನಲ್ಲಿ ಸುಡುವುದೂ ಬೇಡ, ಮೆಲ್ಲಗೆ ಆಡಿಸುತ್ತಿದ್ದರೆ ಸಾಕು.

ಇನ್ನು ಉಸಿರು. ಅಪ್ಪನಿಗೂ ಮಗಳಿಗೂ ಸಮಾನವಾದ ಕಷ್ಟ ಇದು. ನೀರಿನಲ್ಲಿ ಏದುಸಿರು ಬರುವುದು ಆಮ್ಲಜನಕ ಸಾಲದ್ದರಿಂದ ಎಂದು ಬಹಳ ಜನ ನಂಬಿದ್ದಾರೆ. ಆದರೆ ಉಸಿರಾಡು ಎಂದು ಮಿದುಳನ್ನು ತಿವಿಯುವುದು ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಮುಖ ನೀರಿನಲ್ಲಿರುವಾಗ ಉಸಿರು ಬಿಗಿಹಿಡಿದು, ತಲೆ ಹೊರಳಿಸಿದಾಗ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಹೋದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಹಳೆಯ ಗಾಳಿ ಒಳಗೇ ಉಳಿಯುತ್ತದೆ. ಹೀಗೆ ಹತ್ತು ಹನ್ನೆರಡು ಸುತ್ತಾಗುವಾಗ ಉಸಿರುಗಟ್ಟುತ್ತಿದೆ ಎಂಬ ಕೂಗು ಎದೆಯೊಳಗಿಂದಲೇ ಏಳುತ್ತದೆ. ಮುಖ ನೀರಿನಲ್ಲಿದ್ದಷ್ಟು ಹೊತ್ತೂ ಮೂಗಿನಿಂದ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು. ಇದನ್ನು ಕಲಿಯಲು ಈಜಲೇಬೇಕೆಂದಿಲ್ಲ. ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದು ನಿಂತು, ಮುಳುಗಿ ನಿಧಾನ ಗುಳ್ಳೆ ಬಿಡುತ್ತಾ, ಗಾಳಿ ಮುಗಿಯುವ ಮೊದಲೇ ಎದ್ದು ಉಸಿರೆಳೆದು, ಮತ್ತೆ ಮುಳುಗುವುದು. ಪೂಲ್‌ನಲ್ಲಿ ಈ ಕೆಲಸ ಮಾಡುವವರನ್ನು ಕಂಡರೆ ಮಕ್ಕಳು ನಗುತ್ತಾರೆ. ನಗಲಿ.

ಪೂಲ್ ಕಲಿಸದ ಪಾಠಗಳೂ ಇವೆ. ಅಮೆರಿಕದ ಬಹುಪಾಲು ಪೂಲ್‌ಗಳು 25 ಗಜ ಉದ್ದ, ಅಂದರೆ 22.86 ಮೀಟರ್. ಅದರಲ್ಲಿ ಒಂದೂವರೆ ಕಿಲೋಮೀಟರ್ ಮುಗಿಸಲು ಅರವತ್ತೈದು ಸಲ ಗೋಡೆಯನ್ನು ಒದೆಯುತ್ತೇವೆ. ಪ್ರತಿ ಒದೆತವೂ ಬಿಟ್ಟಿ ಸಿಕ್ಕ ವೇಗ, ಜೊತೆಗೆ ತೋಳಿಗೆ ಒಂದೆರಡು ಸೆಕೆಂಡು ವಿಶ್ರಾಂತಿ. ಕೆರೆಯಲ್ಲಿ ಗೋಡೆಯಿಲ್ಲ. ತಳದ ಕಪ್ಪು ಗೆರೆಯೂ ಇಲ್ಲ. ಗುರುತಿಲ್ಲದ ಕಡೆ ಮನುಷ್ಯ ನೇರ ಹೋಗಲಾರ ಎಂಬುದನ್ನು ಯಾನ್ ಸೌಮನ್ ಮತ್ತು ಜೊತೆಗಾರರು 2009ರಲ್ಲಿ ತೋರಿಸಿದರು. ಜರ್ಮನಿಯ ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ಜನರನ್ನು ನಡೆಸಿ ನೋಡಿದರೆ, ಸೂರ್ಯನೋ ಚಂದ್ರನೋ ಕಾಣದಾದಾಗ ಅವರು ತಮಗರಿವಿಲ್ಲದೆ ಸುತ್ತು ಹಾಕುತ್ತಿದ್ದರು. ನೆಲದ ಮೇಲೆ ನಡೆಯುವವರ ಪಾಡೇ ಹೀಗಿದ್ದರೆ ಮುಖ ನೀರಿಗಿಟ್ಟವರ ಗತಿ ಹೇಳಬೇಕಿಲ್ಲ. ಆರೆಂಟು ಕೈಗೊಮ್ಮೆ ಮೊಸಳೆಯಂತೆ ಕಣ್ಣನ್ನಷ್ಟೇ ನೀರಿನಿಂದ ಮೇಲೆತ್ತಿ ದಾರಿಯ ಗುರುತಿಗೆ ತೇಲಬಿಟ್ಟ ಮುಂದಿನ ಬೂಯ್ ನೋಡಿಕೊಂಡು, ಅದೇ ಹೊರಳಿನಲ್ಲಿ ಪಕ್ಕಕ್ಕೆ ತಿರುಗಿ ಉಸಿರೆಳೆಯುವುದು ರೂಢಿಯಾಗಬೇಕು. ಇಡೀ ತಲೆ ಎತ್ತಿದರೆ ಮೇಲೆ ಹೇಳಿದಂತೆ ಕಾಲು ಮುಳುಗುತ್ತದೆ. ಬೂಯ್ ಸಣ್ಣದು, ಅಲೆಗೆ ಮರೆಯಾಗುತ್ತದೆ. ಅದರ ಹಿಂದಿರುವ ಮರ, ನೀರಿನ ಟ್ಯಾಂಕು, ಕಟ್ಟಡ ಯಾವುದನ್ನಾದರೂ ದಡದಲ್ಲಿ ನಿಂತಾಗಲೇ ಗುರುತು ಮಾಡಿಟ್ಟುಕೊಂಡಿದ್ದರೆ ಅನುಕೂಲ.

ಹಡ್ಸನ್ ನದಿಯ ಕಥೆ ಇನ್ನೂ ಬೇರೆ. 2001ರಲ್ಲಿ ಶುರುವಾದ ನ್ಯೂಯಾರ್ಕ್ ಸಿಟಿ ಟ್ರಯಥ್ಲಾನ್‌ನ ಈಜು ಮ್ಯಾನ್‌ಹಟನ್ನಿನ ಪಶ್ಚಿಮ ದಂಡೆಯ ಗುಂಟ 99ನೇ ಬೀದಿಯ ಬಳಿಯಿಂದ 79ನೇ ಬೀದಿಯ ದೋಣಿಕಟ್ಟೆಯ ಕಡೆಗೆ ಸಾಗುತ್ತಿತ್ತು. ಹೆಸರಿಗೆ ನದಿಯಾದರೂ ಇಲ್ಲಿ ಹಡ್ಸನ್ ಒಂದು ಅಳಿವೆ. ಕಡಲಿನ ಉಬ್ಬರ ಇಳಿತ ಸುಮಾರು 245 ಕಿಲೋಮೀಟರ್ ಮೇಲೆ, ಟ್ರಾಯ್‌ನ ಅಣೆಕಟ್ಟಿನವರೆಗೂ ತಲುಪುತ್ತದೆ. ದಿನಕ್ಕೆರಡು ಸಲ ನೀರು ಕಡಲತ್ತ ಹರಿಯುತ್ತದೆ, ಎರಡು ಸಲ ಹಿಂದಕ್ಕೆ. ಇಳಿತದ ಹೊತ್ತು ನೋಡಿಯೇ ಸ್ಪರ್ಧೆ ಇಡುತ್ತಿದ್ದರು. ನೂರು ಮೀಟರಿಗೆ ಎರಡು ನಿಮಿಷ ತೆಗೆದುಕೊಳ್ಳುವ ಸಾಧಾರಣ ಈಜುಗಾರನಿಗೆ ನಿಂತ ನೀರಿನಲ್ಲಿ ಒಂದೂವರೆ ಕಿಲೋಮೀಟರಿಗೆ ಅರ್ಧ ಗಂಟೆ ಬೇಕು. ಸೆಕೆಂಡಿಗೆ ಒಂದು ಮೀಟರ್ ಸೆಳವು ಬೆನ್ನಿಗಿದ್ದರೆ ಹದಿನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಅದೇ ಸೆಳವು ಎದುರಾದರೆ? ಸೆಕೆಂಡಿಗೆ 83 ಸೆಂಟಿಮೀಟರ್ ಹೋಗುವವನು ಕೈ ಹಾಕುತ್ತಲೇ ಹಿಂದೆ ಹಿಂದೆ ಸರಿಯುತ್ತಾನೆ. ಯಾವ ತಂತ್ರವೂ ಇದಕ್ಕೆ ಮದ್ದಲ್ಲ, ಉಬ್ಬರ ಇಳಿತದ ಪಟ್ಟಿ ನೋಡಿಕೊಂಡು ಇಳಿಯುವುದೇ ಮದ್ದು. ಜೋರು ಮಳೆಯಾದರೆ ಇನ್ನೊಂದು ತಾಪತ್ರಯ: ನಗರದ ಹಲವೆಡೆ ಮಳೆನೀರಿಗೂ ಚರಂಡಿಗೂ ಒಂದೇ ಕೊಳವೆ, ಅದು ತುಂಬಿದಾಗ ಉಕ್ಕಿ ನದಿಗೆ ಸೇರುತ್ತದೆ. ಮಳೆ ನಿಂತು ಎರಡು ಮೂರು ದಿನ ನೀರಿಗಿಳಿಯದಿರುವುದು ಲೇಸು.

ಇಲ್ಲಿನ ಕಡಲಿಗೂ ಒಂದು ವರಸೆ ಇದೆ. ಜುಲೈ ತಿಂಗಳು, ದಡದಲ್ಲಿ ಉರಿಬಿಸಿಲು, ನೈಋತ್ಯದಿಂದ ಎರಡು ಮೂರು ದಿನ ಬಿಡದೆ ಗಾಳಿ. ಮೊನ್ನೆ ಬೆಚ್ಚಗಿದ್ದ ನೀರು ಇಂದು ಕಾಲಿಟ್ಟರೆ ಕೊರೆಯುತ್ತದೆ. ಕರಾವಳಿಗೆ ಸಮಾನಾಂತರವಾಗಿ ಬೀಸುವ ಆ ಗಾಳಿ, ಭೂಮಿಯ ತಿರುಗುವಿಕೆಯ ಪ್ರಭಾವದಿಂದ, ಮೇಲಿನ ನೀರನ್ನು ತನ್ನ ಬಲಕ್ಕೆ, ಅಂದರೆ ದಡದಿಂದ ದೂರಕ್ಕೆ ತಳ್ಳುತ್ತದೆ. ಖಾಲಿಯಾದ ಜಾಗಕ್ಕೆ ತಳದ ನೀರು ಏರಿ ಬರುತ್ತದೆ. ಆ ತಳದ ನೀರು ಚಳಿಗಾಲದಲ್ಲಿ ತಣಿದು, ಬೇಸಿಗೆಯ ಬಿಸಿ ಮುಟ್ಟದೆ ಕೆಳಗೇ ಉಳಿದದ್ದು. ಹೊರಗಿನ ಬಿಸಿಲು ನಂಬಿ ನೀರಿಗೆ ಧುಮುಕುವವರು ಮೋಸಹೋಗುವುದು ಹೀಗೆ.

ತಣ್ಣೀರಿಗೆ ಧುಮುಕಿದಾಗ ಆಗುವುದನ್ನು ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ದಶಕಗಳಿಂದ ಅಳೆಯುತ್ತಾ ಬಂದಿದ್ದಾರೆ. ಚರ್ಮ ತಟ್ಟನೆ ತಣ್ಣಗಾದ ಕೂಡಲೇ ಬಾಯಿ ತಾನಾಗಿ ತೆರೆದು, ಒಂದೇ ಸಲಕ್ಕೆ ಎರಡು ಮೂರು ಲೀಟರ್ ಗಾಳಿ ಒಳಗೆ ಹೋಗುತ್ತದೆ. ಆ ಕ್ಷಣ ಬಾಯಿ ನೀರೊಳಗಿದ್ದರೆ ಹೋಗುವುದು ಗಾಳಿಯಲ್ಲ. ಬೆನ್ನಿಗೇ ತಡೆಯಲಾಗದ ಏದುಸಿರು, ಏರುವ ರಕ್ತದೊತ್ತಡ, ಓಡುವ ಹೃದಯ. ಮೊದಲ ಅರ್ಧ ನಿಮಿಷದಲ್ಲಿ ಇದು ತುದಿ ಮುಟ್ಟಿ, ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ದೇಹ ತಣ್ಣಗಾಗಿ ಸೋಲುವುದು ಬಹಳ ಹೊತ್ತಿನ ಮಾತು, ಗಂಡಾಂತರ ಇರುವುದು ಈ ಮೊದಲ ಮೂರು ನಿಮಿಷದಲ್ಲಿ. ಟ್ರಯಥ್ಲಾನ್‌ಗಳಲ್ಲಿ ಜನ ಅತಿ ರಭಸದಿಂದ ಈಜುವುದೂ, ಒಬ್ಬರ ಮೇಲೊಬ್ಬರು ಬಿದ್ದು ಒದೆಸಿಕೊಳ್ಳುವುದೂ ಇದೇ ಮೂರು ನಿಮಿಷದಲ್ಲಿ.

2012ರಲ್ಲಿ ಟಿಪ್ಟನ್ ಮತ್ತು ಹೃದ್ರೋಗ ಸಂಶೋಧಕ ಮೈಕಲ್ ಶ್ಯಾಟಕ್ ಇನ್ನೊಂದು ಎಳೆ ಸೇರಿಸಿದರು. ಚರ್ಮಕ್ಕೆ ತಗುಲಿದ ತಂಪು ಹೃದಯಕ್ಕೆ ಓಡು ಎನ್ನುತ್ತದೆ. ಮುಖ ತಣ್ಣೀರಲ್ಲಿ ಮುಳುಗಿ ಉಸಿರು ಕಟ್ಟಿದಾಗ ಬೇರೊಂದು ನರ ನಿಧಾನಿಸು ಎನ್ನುತ್ತದೆ. ಎರಡು ಆಜ್ಞೆ ಒಟ್ಟಿಗೆ ಬಂದರೆ ಹೃದಯದ ಲಯ ತಪ್ಪಬಹುದು. ಗಟ್ಟಿ ಹೃದಯ ಸಾವರಿಸಿಕೊಳ್ಳುತ್ತದೆ, ಒಳಗೇ ದೋಷವಿದ್ದರೆ ಕಷ್ಟ. ಟ್ರಯಥ್ಲಾನ್ ಈಜಿನಲ್ಲಾಗುವ ಪ್ರತಿ ಸಾವಿಗೂ ಇದೇ ಕಾರಣ ಎನ್ನಲಾಗದು. ಲಯ ತಪ್ಪಿ ನಿಂತ ಹೃದಯ ಶವಪರೀಕ್ಷೆಗೆ ಗುರುತು ಬಿಟ್ಟುಹೋಗುವುದಿಲ್ಲ. ಆದರೆ ಅಂಕಿ ಅಂಶ ಬೊಟ್ಟುಮಾಡುವುದು ಈಜಿನತ್ತಲೇ. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗಿನ 135 ಸಾವು ಮತ್ತು ಹೃದಯಸ್ತಂಭನಗಳನ್ನು ಪರಿಶೀಲಿಸಿದ 2017ರ ಅಧ್ಯಯನದಲ್ಲಿ, 90 ಘಟನೆ ನಡೆದದ್ದು ಈಜಿನ ಹಂತದಲ್ಲಿ. ಒಟ್ಟಾರೆ ಪ್ರಮಾಣ ಸಣ್ಣದೇ, ಲಕ್ಷ ಸ್ಪರ್ಧಿಗಳಿಗೆ ಎರಡಕ್ಕಿಂತ ಕಡಿಮೆ. ನೂರಕ್ಕೆ ಎಂಬತ್ತೈದು ಮಂದಿ ಗಂಡಸರು, ಸರಾಸರಿ ವಯಸ್ಸು ಹತ್ತಿರ ಹತ್ತಿರ 47. ಶವಪರೀಕ್ಷೆಯ ವಿವರ ಸಿಕ್ಕವರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನರ ಹೃದಯದಲ್ಲಿ ಮೊದಲೇ ಏನಾದರೊಂದು ತೊಂದರೆ ಇತ್ತು. ಹಡ್ಸನ್‌ನಲ್ಲಿ 2011ರ ಸ್ಪರ್ಧೆಯ ಈಜಿನಲ್ಲೇ ಇಬ್ಬರು ಕುಸಿದು ತೀರಿಕೊಂಡರು. ದಕ್ಷಿಣ ಏಷ್ಯಾ ಮೂಲದವರಿಗೆ ಹೃದಯದ ಕಾಯಿಲೆ ಬೇಗ ಅಂಟಿಕೊಳ್ಳುತ್ತದೆ ಎಂಬುದು ಸಾಬೀತಾದ ಸಂಗತಿ. ನಲವತ್ತು ದಾಟಿ, ಆಫೀಸಿನ ಗೆಳೆಯರ ಹುರುಪಿಗೆ ಹೆಸರು ಬರೆಸುವ ನಮ್ಮವರು ಸೈಕಲ್ ಖರೀದಿಗೆ ಮೊದಲು ಡಾಕ್ಟರ ಬಳಿ ಹೋಗಿಬರಲಿ. ಸೈಕಲ್‌ಗೆ ಹೋಲಿಸಿದರೆ ಆ ಖರ್ಚು ಏನೇನೂ ಅಲ್ಲ.

ಸಮಾಧಾನದ ವಿಷಯವೆಂದರೆ ಈ ಆಘಾತ ಪಳಗುತ್ತದೆ. ತಣ್ಣೀರಿನಲ್ಲಿ ಎರಡು ಮೂರು ನಿಮಿಷದಂತೆ ಐದಾರು ಸಲ ಇಳಿದೆದ್ದರೆ ಏದುಸಿರಿನ ಜೋರು ಸುಮಾರು ಅರ್ಧಕ್ಕಿಳಿಯುತ್ತದೆ, ಅದರ ಫಲ ತಿಂಗಳುಗಟ್ಟಲೆ ಉಳಿಯುತ್ತದೆ. ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ 1903ರಿಂದ ನಡೆದು ಬಂದಿರುವ ಪೋಲಾರ್ ಬೇರ್ ಕ್ಲಬ್‌ನವರು ಚಳಿಗಾಲದ ಅಟ್ಲಾಂಟಿಕ್‌ಗೆ ನಗುನಗುತ್ತಾ ಇಳಿಯುವುದರ ಹಿಂದಿನ ಗುಟ್ಟೂ ಈ ರೂಢಿಯೇ. ಮಗಳಿಗೆ ಧೈರ್ಯ ತಂದುಕೋ ಎಂದು ಬುದ್ಧಿ ಹೇಳಿ ಪ್ರಯೋಜನವಿಲ್ಲ. ಅವಳ ಚರ್ಮಕ್ಕೆ, ಉಸಿರಿಗೆ ಆ ನೀರಿನ ಪರಿಚಯವಾಗಬೇಕು. ಲೈಫ್‌ಗಾರ್ಡ್ ಇರುವ ಕಡೆ, ಜೊತೆಗೊಬ್ಬರಿದ್ದಾಗ, ಸೊಂಟಕ್ಕೆ ಬಣ್ಣದ ತೇಲುಚೀಲ ಕಟ್ಟಿಕೊಂಡು ಮೊಣಕಾಲುದ್ದ, ಸೊಂಟದುದ್ದ, ಎದೆಯುದ್ದ ಹೀಗೆ ಇಳಿಯಬೇಕು. ಮುಖಕ್ಕೆ, ಕತ್ತಿಗೆ ನೀರೆರಚಿಕೊಳ್ಳಬೇಕು. ವೆಟ್‌ಸೂಟಿನ ಕುತ್ತಿಗೆ ಎಳೆದು ಒಳಗೆ ಒಂದಿಷ್ಟು ನೀರು ಬಿಟ್ಟುಕೊಳ್ಳಬೇಕು. ಆಮೇಲೆ ದಡದ ಗುಂಟ, ಕಾಲು ನೆಲಕ್ಕೆ ತಾಗುವಷ್ಟು ಆಳದಲ್ಲಿ ಮುಖ ಮುಳುಗಿಸಿ ಗುಳ್ಳೆ ಬಿಡುತ್ತಾ ಒಂದಷ್ಟು ದೂರ. ಸ್ಪರ್ಧೆಯ ದಿನವೂ ಇದೇ ಕ್ರಮ, ಶಿಳ್ಳೆ ಊದುವ ಮೊದಲೇ. ಶುರುವಿನಲ್ಲಿ ಪಕ್ಕಕ್ಕೋ ಹಿಂದಕ್ಕೋ ನಿಂತು ಮೊದಲ ಇನ್ನೂರು ಮೀಟರ್ ಬೇಕೆಂದೇ ನಿಧಾನವಾಗಿ ಈಜಿದರೆ ಒಂದು ನಿಮಿಷ ತಡವಾಗಬಹುದು. ಮುಂದಿನವರ ಪಾದದ ಹಿಂದೆ ಸೇರಿಕೊಂಡರೆ ಅದರಲ್ಲಿ ಬಹುಪಾಲು ವಾಪಸು ಸಿಗುತ್ತದೆ, ಅವರು ಸೀಳಿದ ನೀರಿನಲ್ಲಿ ತಡೆ ಕಡಿಮೆ. ಈಜುವಾಗ ಹಾಗೆ ಬೆನ್ನು ಹತ್ತುವುದಕ್ಕೆ ನಿಷೇಧವೂ ಇಲ್ಲ.

ಇನ್ನೊಂದು ನಿಯಮ ಬಹಳ ಜನರಿಗೆ ಗೊತ್ತಿರುವುದಿಲ್ಲ. ಟ್ರಯಥ್ಲಾನ್‌ನ ಈಜು ಫ್ರೀಸ್ಟೈಲ್‌ನಲ್ಲೇ ಆಗಬೇಕೆಂದಿಲ್ಲ. ಎದೆಯೀಜು, ಅಂಗಾತ ಈಜು, ಬಾವಿಯಲ್ಲಿ ಕಲಿತ ತಲೆ ಎತ್ತಿದ ಈಜು ಎಲ್ಲವೂ ನಡೆಯುತ್ತದೆ. ದಣಿವಾದರೆ ಅಥವಾ ಗಾಬರಿಯಾದರೆ ಅಂಗಾತ ತೇಲಬಹುದು, ಬೂಯ್ ಹಿಡಿದೋ ಕಾವಲಿನ ಕಯಾಕ್ ಹಿಡಿದೋ ಸುಧಾರಿಸಿಕೊಳ್ಳಬಹುದು. ಅದನ್ನು ಹಿಡಿದುಕೊಂಡು ಮುಂದೆ ಸಾಗದಿದ್ದರಾಯಿತು, ಸ್ಪರ್ಧೆಯಿಂದ ಹೊರಹಾಕುವುದಿಲ್ಲ. ಕೈ ಎತ್ತಿದರೆ ಕಯಾಕ್‌ನವರು ತಾವೇ ಹತ್ತಿರ ಬರುತ್ತಾರೆ. ಹಾಗೆ ಎರಡು ನಿಮಿಷ ತಂಗಿದ ಮೇಲೆ ಏದುಸಿರು ಇಳಿದರೆ ಮುಂದೆ ಈಜಬಹುದು. ಇಳಿಯದಿದ್ದರೆ, ಎದೆ ಹಿಂಡಿದಂತಾದರೆ ಅಥವಾ ಕೆಮ್ಮಿನ ಜೊತೆ ಗುಲಾಬಿ ಬಣ್ಣದ ನೊರೆ ಬಂದರೆ, ದೋಣಿ ಹತ್ತಿ ದಡಕ್ಕೆ ಬಂದು ಡಾಕ್ಟರಿಗೆ ತೋರಿಸಬೇಕು. ಆ ನೊರೆ ಶ್ವಾಸಕೋಶಕ್ಕೆ ರಕ್ತದ ನೀರು ಒಸರುವ ಲಕ್ಷಣ, ಒಳ್ಳೆಯ ಈಜುಗಾರರಿಗೂ ಬರುತ್ತದೆ.